ಬೆಳಗಿನ ನುಡಿಯವರು

ರೇಡಿಯೋಗೆ ಬರುವ ಮೊದಲು ಅವರು ಬಸ್ ನಿಲ್ದಾಣದಲ್ಲಿ ಬಸ್ಸು ಕೂಗುವ ಕೆಲಸದಲ್ಲಿದ್ದರು. ಶೌಚಾಲಯಕ್ಕೂ ಹಣ್ಣಿನ ಅಂಗಡಿಗೂ ನಡುವೆ, ಒಬ್ಬರು ಕೂತರೆ ಇನ್ನೊಬ್ಬರಿಗೆ ನಿಲ್ಲಲೂ ಜಾಗವಿಲ್ಲದ ಒಂದು ಗೂಡು. ಅದರೊಳಗೆ ಒಂದು ಮೈಕು, ಕಿರುಗುಟ್ಟುವ ಫ್ಯಾನು, ಬೆಳಗಿನಿಂದ ಸಂಜೆಯವರೆಗೂ ಅವರ ದನಿ. ಯಾವ ಬಸ್ಸು ಯಾವ ಕಟ್ಟೆಗೆ ಬಂತು, ಯಾವುದು ತಡವಾಯಿತು, ಯಾರ ಮಗು ಕೈತಪ್ಪಿ ವಿಚಾರಣೆ ಕಿಟಕಿಯ ಹತ್ತಿರ ಅಳುತ್ತ ನಿಂತಿದೆ, ಎಲ್ಲವನ್ನೂ ಅವರು ಒಂದೇ ಸಮಾಧಾನದಿಂದ ಹೇಳುತ್ತಿದ್ದರು. ಆ ದನಿಯಲ್ಲಿ ಏನೋ ಇತ್ತು. ತುಂಬಿದ ಕೊಡವನ್ನು ತುಳುಕದಂತೆ ನೆಲಕ್ಕಿಡುವ ಹಾಗೆ ಅವರು ಪ್ರತಿ ಮಾತನ್ನೂ ಇಡುತ್ತಿದ್ದರು.

ಒಂದು ಮಧ್ಯಾಹ್ನ, ನೆತ್ತಿ ಸುಡುವ ಬಿಸಿಲಲ್ಲಿ, ಜನ ಬಹಳ ಹೊತ್ತು ಕಾದಿದ್ದ ಬಸ್ಸು ರದ್ದಾಯಿತು. ಅವರು ಅದನ್ನು ಹೇಳಿದರು. ಜನ ಗಂಟುಮೂಟೆ ಎತ್ತಿಕೊಂಡು ಸುಮ್ಮನೆ ಚದುರಿಹೋದರು. ಆ ಗುಂಪಿನಲ್ಲಿ ಧರ್ಮದ ರೇಡಿಯೋ ಕೇಂದ್ರವೊಂದನ್ನು ನಡೆಸುತ್ತಿದ್ದ ಟ್ರಸ್ಟಿನ ಹಿರಿಯರೊಬ್ಬರೂ ಇದ್ದರು. ಆ ಹಿರಿಯರು ಬೆವರು ಒರೆಸಿಕೊಳ್ಳುತ್ತ ಗೂಡಿನ ಬಾಗಿಲಿಗೆ ಬಂದು ಇಣುಕಿದರು.

"ಬಸ್ಸಿಲ್ಲ ಅಂತ ಹೇಳಿ ಬೈಸಿಕೊಳ್ಳದೇ ಇರೋ ಬಾಯಿ ನಾನು ನೋಡಿದ್ದು ಇದೇ ಮೊದಲು. ಈ ಬಾಯಲ್ಲಿ ದೇವರಿದ್ದಾನೆ ಅಂತ ಹೇಳಿಸಿದ್ರೆ ಜನ ನಂಬದೇ ಇರ್ತಾರಾ?" ಎಂದರು.

ಹೀಗೆ ಅವರು ರೇಡಿಯೋದವರಾದರು. ಕೇಂದ್ರವಿದ್ದದ್ದು ಪೀಠೋಪಕರಣದ ಗೋದಾಮಿನ ಮೇಲಿನ ಮಹಡಿಯಲ್ಲಿ. ಮೆಟ್ಟಿಲು ಹತ್ತುವಾಗ ಹೊಸ ಮರದ, ವಾರ್ನಿಷಿನ ವಾಸನೆ. ಒಳಗೆ ಎರಡು ಕೋಣೆ, ನಡುವೆ ದಪ್ಪ ಗಾಜು. ಗಾಜಿನ ಈಚೆ ಗೋಡೆಗೆಲ್ಲ ಕಂಬಳಿ ಬಡಿದು, ಮೇಜಿನ ಮೇಲೆ ಮೈಕು ಇಟ್ಟಿದ್ದರು. ಆಚೆ ಗುಂಡಿಗಳ ಯಂತ್ರದ ಮುಂದೆ ಕಿವಿಗೆ ಹೆಡ್‌ಫೋನು ಹಾಕಿಕೊಂಡ ಧ್ವನಿ ಯಂತ್ರದವನು ಕೂರುತ್ತಿದ್ದ. ಕೆಂಪು ದೀಪ ಹತ್ತಿದರೆ ಮಾತು, ಆರಿದರೆ ಮೌನ. ಹಾಳೆ ತಿರುವಿದ ಸದ್ದು ಕೇಳಬಾರದು. 'ಪ' ಅಕ್ಷರ ಬಂದಾಗ ಬಾಯನ್ನು ತುಸು ಓರೆ ಮಾಡಬೇಕು, ಇಲ್ಲವಾದರೆ ಪರಮಾತ್ಮ ಪಟಾಕಿಯಂತೆ ಸಿಡಿಯುತ್ತಾನೆ. ಇವೆಲ್ಲವನ್ನೂ ಧ್ವನಿ ಯಂತ್ರದವನೇ ಅವರಿಗೆ ಕಲಿಸಿದ.

ಕಾರ್ಯಕ್ರಮದ ಹೆಸರು 'ಬೆಳಗಿನ ನುಡಿ'. ಜನ ಹಲ್ಲುಜ್ಜುವ, ಒಲೆ ಹಚ್ಚುವ ಹೊತ್ತಿಗೆ ಒಂದು ಪ್ರಾರ್ಥನೆ, ಒಂದಿಷ್ಟು ಮಾತು. ಮೊದಮೊದಲು ಅವರು ಗ್ರಂಥಗಳಿಂದ ಆರಿಸಿ ಓದಿದರು. ದಯೆ, ತಾಳ್ಮೆ, ತ್ಯಾಗ ಎಲ್ಲ ಬಂದುಹೋದವು. ಕೇಳುಗರು ತಪ್ಪೇನೂ ಹೇಳಲಿಲ್ಲ, ಒಪ್ಪಿದೆ ಎಂದೂ ಹೇಳಲಿಲ್ಲ. ಗಾಜಿನಾಚೆ ಕೂತವನು ಗಲ್ಲಕ್ಕೆ ಕೈಕೊಟ್ಟು ತೂಕಡಿಸುತ್ತಿದ್ದ. ಅವನ ಆಕಳಿಕೆ ಕಂಡರೆ ಅವರು ಓದುತ್ತಿದ್ದ ಸಾಲು ತಪ್ಪುತ್ತಿದ್ದರು. ಇಡೀ ಊರೇ ಆಕಳಿಸಿದಂತೆ.

ಒಂದು ಬೆಳಿಗ್ಗೆ ಹೇಳಲು ಏನೂ ಇರಲಿಲ್ಲ. ಬಾಯಿಗೆ ಬಂದದ್ದು ಮನೆಯ ಮಾತು. ಅವರಿಗೆ ಒಬ್ಬಳೇ ಮಗಳು, ಆಗಿನ್ನೂ ಚಿಕ್ಕವಳು. ದೀಪ ಆರಿಸಿದರೆ ಹೆದರುತ್ತಿದ್ದಳು. 'ದೀಪ ಆರಿಸಿದ ಮೇಲೂ ಅಪ್ಪ ಇಲ್ಲೇ ಇರ್ತೀಯಾ?' ಎಂದು ಅವಳು ಕೇಳಿದ್ದನ್ನು ಹೇಳಿ, 'ನಾವೂ ದೇವರನ್ನು ಹೀಗೇ ಕೇಳುತ್ತೇವಲ್ಲವೇ?' ಎಂದು ನಿಲ್ಲಿಸಿದರು. ಧ್ವನಿ ಯಂತ್ರದವನು ಗಲ್ಲದಿಂದ ಕೈ ತೆಗೆದು ತಲೆ ಎತ್ತಿದ. ಕೆಂಪು ದೀಪ ಆರುವಷ್ಟರಲ್ಲಿ ಹೊರಕೋಣೆಯ ಫೋನು ಹೊಡೆದುಕೊಳ್ಳತೊಡಗಿತು.

ಅಂದಿನಿಂದ ಆ ಮಗುವಿಗೆ ರೇಡಿಯೋದಲ್ಲಿ 'ಗುಬ್ಬಿ' ಎಂದು ಹೆಸರಾಯಿತು. ಗುಬ್ಬಿಗೆ ಜ್ವರ ಬಂತು, ಗುಬ್ಬಿಯ ಹಲ್ಲು ಬಿತ್ತು, ಗುಬ್ಬಿ ಪಕ್ಕದ ಮನೆಯ ಹುಡುಗಿಯ ಪೆನ್ಸಿಲು ಕದ್ದು ಸುಳ್ಳು ಹೇಳಿದಳು. ಎಲ್ಲದರಲ್ಲೂ ಒಂದು ನೀತಿ, ಎಲ್ಲದರ ಕೊನೆಗೂ ಒಂದು ಪ್ರಾರ್ಥನೆ. ಜನ ಬೀದಿಯಲ್ಲಿ ತಡೆದು, "ಗುಬ್ಬಿ ಹೇಗಿದ್ದಾಳೆ ಸ್ವಾಮಿ?" ಎಂದು ಕೇಳುತ್ತಿದ್ದರು. ಕೇಂದ್ರದವರು ಒಂದು ವರ್ಷದ ಕ್ಯಾಲೆಂಡರಿನಲ್ಲಿ ಅಪ್ಪ ಮಗಳ ಚಿತ್ರವನ್ನೇ ಅಚ್ಚು ಹಾಕಿಸಿದರು. ಅವಳು ದೊಡ್ಡವಳಾದಂತೆ ಚಿತ್ರವೂ ಹೊಸದಾಗುತ್ತಿತ್ತು.

ಶಾಲೆಯಲ್ಲಿ ಅವಳಿಗೆ ಗುಟ್ಟೆಂಬುದೇ ಇರಲಿಲ್ಲ. ಅವಳು ಏನು ಮಾಡಿದರೂ ಟೀಚರಿಗೆ ಮೊದಲೇ ಗೊತ್ತಿರುತ್ತಿತ್ತು. ಮೈ ನೆರೆಯುವ ವಯಸ್ಸಿಗೆ ಬಂದಾಗ ಅವಳು ಅಪ್ಪನ ಮುಂದೆ ಬಂದು ನಿಂತಳು.

"ಅಪ್ಪಾ, ಇನ್ಮೇಲೆ ನನ್ನ ವಿಷಯ ರೇಡಿಯೋದಲ್ಲಿ ಹೇಳ್ಬೇಡ."

"ಯಾಕೆ ಪುಟ್ಟಾ? ಎಲ್ಲರಿಗೂ ನಿನ್ನ ಕಂಡ್ರೆ ಎಷ್ಟು ಪ್ರೀತಿ!"

"ಅವರ್ಯಾರೂ ನನಗೆ ಗೊತ್ತಿಲ್ಲ. ನಾನು ಮಾತ್ರ ಎಲ್ಲರಿಗೂ ಗೊತ್ತು."

"ಆಯ್ತಮ್ಮ. ಹೇಳಲ್ಲ."

ಮರುದಿನ ಬೆಳಿಗ್ಗೆ ಅವರು ನಗುನಗುತ್ತಲೇ ಅದನ್ನೂ ಹೇಳಿಬಿಟ್ಟರು. 'ನಿನ್ನೆ ನಮ್ಮ ಗುಬ್ಬಿ ನನಗೆ ಬಾಯಿಗೆ ಬೀಗ ಹಾಕಿಕೋ ಅಂತ ಆಜ್ಞೆ ಮಾಡಿದ್ದಾಳೆ. ಮಕ್ಕಳು ದೊಡ್ಡವರಾಗುವುದೆಂದರೆ ಹೀಗೇ. ದೇವರಿಂದ ನಾವೂ ಒಂದು ವಯಸ್ಸಿನಲ್ಲಿ ಮುಚ್ಚಿಟ್ಟುಕೊಳ್ಳಲು ನೋಡುತ್ತೇವೆ...' ಊರೆಲ್ಲ ನಕ್ಕಿತು. ಮನೆಯಲ್ಲಿ ಹೆಂಡತಿ, "ಅಲ್ಲಾ ರೀ, ಮಗು ಒಂದು ಮಾತು ಕೇಳಿದ್ಲು, ಅದನ್ನೂ ಮಾರಿಬಿಟ್ರಲ್ಲಾ," ಎಂದಳು. ಮಗಳು ಅಂದಿನಿಂದ ಅಪ್ಪನೆದುರು ಹವಾಮಾನದ ಬಗ್ಗೆ ಮಾತ್ರ ಮಾತಾಡುವುದನ್ನು ರೂಢಿಸಿಕೊಂಡಳು. ಅಪ್ಪ ಅದನ್ನು ವಯಸ್ಸಿನ ಬಿಂಕ ಎಂದುಕೊಂಡರು.

ಅವಳು ಓದಿ, ಕನ್ನಡಕದ ಅಂಗಡಿಯೊಂದರಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದಳು. ಮದುವೆಯಾಯಿತು. ಅಳಿಯ ಒಳ್ಳೆಯವನು, ಮಾತು ಕಮ್ಮಿ. ಬೀಗಿತ್ತಿಯಂತೂ ಬೆಳಗಿನ ನುಡಿ ಕೇಳದೆ ಒಲೆ ಹಚ್ಚುತ್ತಿರಲಿಲ್ಲ. 'ರೇಡಿಯೋದವರ ಮನೆ ಹುಡುಗಿ ನಮ್ಮನೆ ಸೊಸೆ' ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ್ದಳು.

ಮಗಳು ಬಸುರಿಯಾದಳು. ಏಳನೇ ತಿಂಗಳಲ್ಲಿ ಹೊಟ್ಟೆಯೊಳಗಿನ ಮಗು ಅಲ್ಲಾಡುವುದನ್ನು ನಿಲ್ಲಿಸಿತು. ಆಸ್ಪತ್ರೆಯಲ್ಲಿ ಸತ್ತ ಮಗುವನ್ನೇ ಹೆರಬೇಕಾಯಿತು.

ಅದಾದ ಮೇಲೆ ಒಂದು ಮಧ್ಯಾಹ್ನ ಅವರು ಮಗಳ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು. ಹೆಂಡತಿ ಔಷಧಿ ತರಲು ಕೆಳಗೆ ಹೋಗಿದ್ದಳು. ಕಿಟಕಿಯಾಚೆ, ಎದುರಿನ ತಾರಸಿಯ ಮೇಲೆ ಆಸ್ಪತ್ರೆಯ ಬಿಳಿ ಹಾಸಿಗೆ ಬಟ್ಟೆಗಳು ಸಾಲಾಗಿ ಒಣಗುತ್ತಿದ್ದವು. ಮಗಳು ಅವನ್ನೇ ನೋಡುತ್ತ ಮಲಗಿದ್ದಳು. ಆಮೇಲೆ, ಚಿಕ್ಕವಳಿದ್ದಾಗ ಮಾಡುತ್ತಿದ್ದಂತೆ, ಅಪ್ಪನ ಕಿರುಬೆರಳು ಹಿಡಿದಳು.

"ಅಪ್ಪಾ, ಒಂದು ಹೇಳ್ತೀನಿ. ಅಮ್ಮಂಗೂ ಹೇಳಿಲ್ಲ."

"ಹೇಳು ಪುಟ್ಟಾ."

"ಡಾಕ್ಟರು ಮಗು ಇಲ್ಲ ಅಂದಾಗ... ಅಳು ಬಂದಿದ್ದು ಆಮೇಲೆ. ಮೊದಲು ಒಂದೇ ಒಂದು ಗಳಿಗೆ, ಹಗುರ ಅನ್ನಿಸ್ತು. ಇನ್ನು ಹೆದರ್ಬೇಕಾಗಿಲ್ಲ ಅನ್ನಿಸ್ತು. ತಾಯಿ ಆಗೋಕೆ ನನಗೆ ಅಷ್ಟು ಭಯ ಇತ್ತಪ್ಪಾ. ನಾನು ಕೆಟ್ಟವಳಾ?"

ಅವರು ಅವಳ ಹಣೆ ಸವರಿ, "ಇಲ್ಲಮ್ಮ, ಇಲ್ಲ. ದೇವರಿಗೆ ಎಲ್ಲಾ ಅರ್ಥ ಆಗುತ್ತೆ," ಎಂದರು.

"ದೇವರ ವಿಷಯ ಬಿಡು. ಇದು ನಿನ್ನ ಹೊಟ್ಟೆಯಲ್ಲೇ ಇರ್ಲಿ."

"ನಿನ್ನಾಣೆ, ನನ್ನ ಹೊಟ್ಟೆಯಲ್ಲೇ ಇರುತ್ತೆ."

ಅವರು ಅದನ್ನು ಮನಸಾರೆ ಹೇಳಿದ್ದರು. ಇರಿಸಿಕೊಳ್ಳಬೇಕೆಂದೇ ಇದ್ದರು. ಹಲವು ದಿನ ಇರಿಸಿಕೊಂಡರು ಕೂಡ.

ಒಂದು ಬೆಳಿಗ್ಗೆ ಅವರು ಬರೆದುಕೊಂಡು ಹೋಗಿದ್ದು ತಾಳ್ಮೆಯ ಮೇಲೊಂದು ನುಡಿ. ಮನೆಯಲ್ಲಿ ಸಾವಾಗಿದ್ದರಿಂದ ಅವರ ಮಾತಿನಲ್ಲಿ ಸತ್ವವಿರಲಿಲ್ಲ. ಅರ್ಧ ದಾರಿಯಲ್ಲಿ ತಲೆ ಎತ್ತಿ ನೋಡಿದರೆ ಗಾಜಿನಾಚೆಯವನು ಬಾಯಿ ತೆರೆದು ದೊಡ್ಡದಾಗಿ ಆಕಳಿಸಿದ. ಅವರು ಹಾಳೆಯನ್ನು ಸದ್ದಾಗದಂತೆ ಪಕ್ಕಕ್ಕೆ ಸರಿಸಿದರು. 'ನನಗೆ ತಿಳಿದ ಒಬ್ಬ ಹೆಣ್ಣುಮಗಳು' ಎಂದು ಶುರುಮಾಡಿದರು. ಹೆಸರು ಹೇಳಲಿಲ್ಲ. ಊರು ಹೇಳಲಿಲ್ಲ. ಆದರೆ ಏಳನೇ ತಿಂಗಳು ಎಂದರು. ಕಿಟಕಿಯ ಪಕ್ಕದ ಹಾಸಿಗೆ ಎಂದರು. ಎದುರಿನ ತಾರಸಿಯಲ್ಲಿ ಒಣಗುತ್ತಿದ್ದ ಬಿಳಿ ಬಟ್ಟೆಗಳನ್ನೂ ಬಿಡಲಿಲ್ಲ. ಅಷ್ಟು ಒಳ್ಳೆಯ ಚಿತ್ರವನ್ನು ಹೇಗೆ ಬಿಡುವುದು? 'ಆ ಒಂದು ಗಳಿಗೆಯ ಹಗುರವನ್ನು ಪಾಪವೆಂದು ಆಕೆ ಹೊತ್ತು ತಿರುಗುತ್ತಿದ್ದಾಳೆ. ಅಂಥವರನ್ನೂ ಎತ್ತಿಕೊಳ್ಳುವ ಕೈ ಒಂದಿದೆ' ಎಂದು ಮುಗಿಸುವಾಗ ಅವರ ದನಿ ಬಿರಿದಿತ್ತು. ಗಾಜಿನಾಚೆಯವನು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದ.

ಆ ದಿನ ಬಂದಷ್ಟು ಫೋನು ಹಿಂದೆಂದೂ ಬಂದಿರಲಿಲ್ಲ. ಯಾರಿಗೂ ಹೇಳಲಾಗದೆ ಅದೇ ಭಾರ ಹೊತ್ತ ಹೆಂಗಸರು ಅಳುತ್ತ ಮಾತಾಡಿದರು. ಆಡಿದ್ದು ಸುಳ್ಳಲ್ಲ, ಅದರಿಂದ ಎಷ್ಟೋ ಜನಕ್ಕೆ ಸಮಾಧಾನ ಸಿಕ್ಕಿದ್ದೂ ಸುಳ್ಳಲ್ಲ. ಅದೇ ಅವರ ಕೊರಳಿಗೆ ಬಿಗಿದ ಗಂಟು. ಬರೀ ಕೆಟ್ಟದ್ದಾಗಿದ್ದರೆ ಬಿಚ್ಚಿಕೊಳ್ಳಬಹುದಿತ್ತೋ ಏನೋ.

ಅವರು ಮನೆಗೆ ಬಂದಾಗ ಹೆಂಡತಿ ರೇಡಿಯೋದ ವಯರು ಕಿತ್ತು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಅದು ಅವಳೇ ಅಲ್ವಾ?"

"ನಾನು ಹೆಸರು ಹೇಳ್ಲಿಲ್ಲ ಕಣೇ."

"ಹೆಸರು ಬೇರೆ ಹೇಳ್ಬೇಕಿತ್ತಾ? ಆ ಕಿಟಕಿ ಹತ್ರ ನಾವೆಲ್ಲ ಕೂತಿದ್ದೀವಿ. ಬೀಗಿತ್ತೀನೂ ಕೂತಿದ್ಲು." ಹೆಂಡತಿಯ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. "ನನಗೇ ಹೇಳದೇ ಇದ್ದದ್ದನ್ನ ನಿಮಗೆ ಹೇಳಿದ್ಲಲ್ಲಾ ರೀ ಆ ಹುಡುಗಿ. ಇಷ್ಟೆಲ್ಲ ಆದ್ಮೇಲೂ ನಿಮ್ಮನ್ನ ನಂಬಿದ್ಲಲ್ಲಾ."

ಅತ್ತ ಮಗಳ ಗಂಡನ ಮನೆಯಲ್ಲಿ ನಡೆದದ್ದು ಮುಂದೆ ಚೂರುಚೂರಾಗಿ ತಿಳಿಯಿತು. ಬೀಗಿತ್ತಿ ಒಲೆಯ ಮೇಲಿದ್ದದ್ದನ್ನು ಉಕ್ಕಲು ಬಿಟ್ಟು, ಸೊಸೆ ಮಲಗಿದ್ದ ಕೋಣೆಗೆ ಬಂದು, "ನನ್ನ ಮೊಮ್ಮಗು ಸತ್ತಾಗ ನಿನಗೆ ಹಗುರ ಆಯ್ತೇನೇ?" ಎಂದಳಂತೆ. ಅಳಿಯ ತಲೆ ಬಾಚಿಕೊಳ್ಳುತ್ತಿದ್ದವನು ಬಾಚಣಿಗೆ ಹಿಡಿದೇ ಬಾಗಿಲಲ್ಲಿ ನಿಂತು, "ನಿಜಾನಾ?" ಎಂದು ಕೇಳಿದನಂತೆ. ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಅವಳು ಇಲ್ಲ ಎನ್ನಲಿಲ್ಲ. ಹಸಿ ಬಾಣಂತಿಯ ಮೈಯಲ್ಲೇ ಒಂದು ಚೀಲ ತುಂಬಿಕೊಂಡು ಆ ಮನೆಯಿಂದ ಹೊರಬಿದ್ದಳು. ತವರಿಗೆ ಬರಲಿಲ್ಲ.

ಅವರು ಹುಚ್ಚು ಹಿಡಿದವರಂತೆ ಹುಡುಕಿದರು. ಕನ್ನಡಕದ ಅಂಗಡಿಗೆ ಹೋದರೆ ಅವಳು ರಜೆಯ ಮೇಲಿದ್ದಳು. ಅವಳ ಗೆಳತಿಯರ ಬಾಗಿಲು ತಟ್ಟಿದರೆ, ಅವರು ಬಾಗಿಲನ್ನು ಅಂಗೈ ಅಗಲ ಮಾತ್ರ ತೆರೆದು, "ಗೊತ್ತಿಲ್ಲ ಅಂಕಲ್," ಎಂದರು. ಫೋನು ಮಾಡಿದರೆ ಎತ್ತುವವರಿಲ್ಲ, ಆಮೇಲೆ ಆ ನಂಬರೇ ಇಲ್ಲವಾಯಿತು. ಅವರ ತಂಗಿಯೊಬ್ಬಳಿಗೆ ಮಾತ್ರ ಅವಳಿರುವ ಜಾಗ ಗೊತ್ತಿತ್ತು. ಅಣ್ಣ ಕಾಲು ಹಿಡಿಯುವುದೊಂದು ಬಾಕಿ. ತಂಗಿ ಬಾಯಿ ಬಿಡಲಿಲ್ಲ. "ಬದುಕಿದ್ದಾಳೆ ಅಣ್ಣಾ. ಅಷ್ಟು ತಿಳ್ಕೋ, ಸಾಕು. ನಿನಗೆ ಒಂದು ಹೇಳಿದ್ರೆ ಊರಿಗೆ ಹೇಳಿದ ಹಾಗೆ," ಎಂದಳು.

ಅವರಿಗೆ ಉಳಿದ ದಾರಿ ಒಂದೇ. ಎಲ್ಲಿದ್ದರೂ ಎಲ್ಲೋ ಒಂದು ಅಡುಗೆಮನೆಯ ಗೋಡೆಯಾಚೆ, ಬಸ್ಸಿನಲ್ಲಿ, ಚಹಾದಂಗಡಿಯಲ್ಲಿ ತನ್ನ ದನಿ ಅವಳ ಕಿವಿಗೆ ಬಿದ್ದೇ ಬೀಳುತ್ತದೆ ಎಂದುಕೊಂಡರು. ಮೊದಲು ಮರೆಮಾಚಿ ಹೇಳಿದರು: ದಾರಿ ತಪ್ಪಿದ ತಂದೆ, ಕ್ಷಮೆ, ಮರಳಿ ಬರುವ ಹಕ್ಕಿ. ಆಮೇಲೆ ಮರೆಯೂ ಹೋಯಿತು. ಒಂದು ದಿನ ಪ್ರಾರ್ಥನೆಯ ನಡುವೆಯೇ, "ಗುಬ್ಬೀ, ಎಲ್ಲಿದ್ದೀಯಮ್ಮಾ? ನಿನ್ನ ಅಮ್ಮ ಸರಿಯಾಗಿ ಉಣ್ತಿಲ್ಲ. ತಪ್ಪು ನನ್ನದು. ಒಂದು ಸಲ ಬಾ," ಎಂದು ಬಿಕ್ಕಿದರು.

ಕೇಳುಗರ ಪ್ರೀತಿ ಎಂಥದ್ದೆಂದು ಆಗ ಗೊತ್ತಾಯಿತು. ಗುಬ್ಬಿಯನ್ನು ಹುಡುಕಿಕೊಡಲು ಊರಿಗೆ ಊರೇ ಸೊಂಟ ಕಟ್ಟಿ ನಿಂತಿತು. ಕ್ಯಾಲೆಂಡರಿನ ಚಿತ್ರ ಎಲ್ಲರ ಮನೆಯಲ್ಲೂ ಇತ್ತಲ್ಲ. ಬಸ್ಸಿನಲ್ಲಿ ಒಬ್ಬಾಕೆ ಅವಳ ಕೈ ಹಿಡಿದು, "ನೀನು ಗುಬ್ಬಿ ಅಲ್ವೇನಮ್ಮಾ? ಹೆತ್ತವರನ್ನ ಹೀಗೆ ಅಳಿಸ್ಬಾರ್ದು, ಒಳ್ಳೇದಾಗಲ್ಲ," ಎಂದಳು. ಬಿಡಿಸಿಕೊಂಡು ಇಳಿದರೆ ಇನ್ನಿಬ್ಬರು ಹಿಂದೆಯೇ ಇಳಿದರು. ಕನ್ನಡಕದ ಅಂಗಡಿಗೆ ಜನ ಕಣ್ಣು ತೋರಿಸಿಕೊಳ್ಳುವ ನೆಪದಲ್ಲಿ ಬಂದು, ಅಕ್ಷರದ ಹಲಗೆ ನೋಡುವ ಬದಲು ಅವಳ ಮುಖ ನೋಡಿ, ಫೋನಿನಲ್ಲಿ ಫೋಟೋ ಹಿಡಿದು, ಕೇಂದ್ರಕ್ಕೆ ಸುದ್ದಿ ಮುಟ್ಟಿಸಿದರು. ಅದನ್ನು ಕೇಳಿ ಅಪ್ಪ ಓಡೋಡಿ ಹೋಗುವಷ್ಟರಲ್ಲಿ ಅವಳು ಹಿಂಬಾಗಿಲಿನಿಂದ ಹೋಗಿದ್ದಳು. ಅಂಗಡಿಯ ಯಜಮಾನ ಕೈಮುಗಿದು, "ನಮಗೆ ವ್ಯಾಪಾರ ಮಾಡೋಕೆ ಬಿಡಿ ಸ್ವಾಮಿ. ಆ ಹುಡುಗಿಗೆ ಇನ್ನು ಬರ್ಬೇಡ ಅಂತ ಹೇಳ್ಬಿಟ್ಟಿದ್ದೀನಿ," ಎಂದ.

ಅಂದರೆ ಅವಳ ಮನೆಯನ್ನು ಕಳೆದವರೂ ಅವರೇ, ಅನ್ನವನ್ನು ಕಳೆದವರೂ ಅವರೇ. ಅದು ಅವರಿಗೆ ಗೊತ್ತಾಗಲಿಲ್ಲವೆಂದಲ್ಲ. ಗೊತ್ತಾಗಿಯೂ ಮರುದಿನ ಬೆಳಿಗ್ಗೆ ಮತ್ತೆ ಮೈಕಿನ ಮುಂದೆ ಕೂತು, "ಗುಬ್ಬೀ, ನಿನ್ನೆ ಸ್ವಲ್ಪದರಲ್ಲಿ ಕೈತಪ್ಪಿಹೋದೆ," ಎಂದರು. ಮುಳುಗುವವನು ಕೈಗೆ ಸಿಕ್ಕವರ ಕುತ್ತಿಗೆಯನ್ನೇ ತಬ್ಬುತ್ತಾನಂತೆ.

ಅದೇ ವಾರ ಕೇಂದ್ರದ ಮ್ಯಾನೇಜರು ಅವರನ್ನು ತಮ್ಮ ಕೋಣೆಗೆ ಕರೆದರು. ಈವರೆಗೆ ಫೋನುಗಳ ಸುರಿಮಳೆ ನೋಡಿ ಕೈ ಉಜ್ಜಿಕೊಳ್ಳುತ್ತಿದ್ದ ಮನುಷ್ಯ ಈಗ ಮೇಜಿನ ಮೇಲಿನ ಪೇಪರ್‌ವೇಟನ್ನು ಸುಮ್ಮನೆ ತಿರುಗಿಸುತ್ತಿದ್ದರು.

"ನಿಮ್ಮ ಮಗಳು ಬಂದಿದ್ರು."

"ಎಲ್ಲಿ? ಯಾವಾಗ? ನನ್ನ ಯಾಕೆ ಕರೀಲಿಲ್ಲ?"

"ನೀವು ಇಲ್ಲದ ಹೊತ್ತು ನೋಡ್ಕೊಂಡೇ ಬಂದ್ರು. ಕೂತ್ಕೊಳ್ಳಿ ಅಂದ್ರೂ ಕೂರ್ಲಿಲ್ಲ. ನಾಳೆಯಿಂದ ನನ್ನ ಹೆಸರೋ, ಆ ಗುಬ್ಬಿ ಅನ್ನೋ ಹೆಸರೋ ಒಂದು ಸಲ ಕೇಳಿದ್ರೂ ಪೊಲೀಸ್ ಸ್ಟೇಷನ್ನಿಗೆ ಹೋಗ್ತೀನಿ ಅಂದ್ರು."

"ಹೇಗಿದ್ಲು? ಇಳಿದುಹೋಗಿದ್ಲಾ? ಏನು ಉಟ್ಟಿದ್ಲು?"

ಮ್ಯಾನೇಜರು ಪೇಪರ್‌ವೇಟನ್ನು ಪಕ್ಕಕ್ಕಿಟ್ಟು, "ನೀವು ಸ್ವಲ್ಪ ದಿನ ಮನೇಲಿರಿ," ಎಂದರು. ಮೆಟ್ಟಿಲಿಳಿದು ಬರುವಾಗ ಧ್ವನಿ ಯಂತ್ರದವನು ಹಿಂದೆ ಬಂದು, ಅವರ ಭುಜ ಮುಟ್ಟಿ ಹಿಂದಿರುಗಿದ.

ಮೈಕು ಹೋದ ಮೇಲೆ ಅವರಿಗೆ ಬೆಳಗೆಂಬುದು ಶತ್ರುವಾಯಿತು. ರೂಢಿಯಂತೆ ಕತ್ತಲಿರುವಾಗಲೇ ಎಚ್ಚರವಾಗುತ್ತಿತ್ತು. ಬೆಚ್ಚಗಿನ ನೀರು ಕುಡಿದು ಗಂಟಲು ಸರಿಮಾಡಿಕೊಂಡು, ಹೋಗಲು ಜಾಗವಿಲ್ಲದೆ ಹಾಸಿಗೆಯ ತುದಿಯಲ್ಲಿ ಕೂರುತ್ತಿದ್ದರು. ಅವರ ಜಾಗಕ್ಕೆ ಬಂದ ಹೊಸಬನ ದನಿ ಪಕ್ಕದ ಮನೆಯ ರೇಡಿಯೋದಿಂದ ಗೋಡೆ ದಾಟಿ ಬರುತ್ತಿತ್ತು. ಸಿಹಿಯಾದ ದನಿ. ಅವನ 'ಪ'ಗಳು ಸಿಡಿಯುತ್ತಿದ್ದವು.

ಒಂದು ದಿನ ಪ್ರಾರ್ಥನೆಯನ್ನಾದರೂ ಮಾಡೋಣವೆಂದು ಕಣ್ಣು ಮುಚ್ಚಿದರು. 'ದೇವರೇ, ನನ್ನ ಮಗಳನ್ನು' ಎಂದು ಶುರುಮಾಡಿದವರಿಗೆ ಮುಂದಿನ ಮಾತು ತಾನಾಗಿಯೇ ಚೆಂದವಾಗಿ ಹೊಂದಿಕೊಂಡು ಬಂತು. ಅದರ ಹಿಂದೆ ಇನ್ನೊಂದು ಬಂತು. ಎಲ್ಲಿ ನಿಲ್ಲಬೇಕು, ಎಲ್ಲಿ ದನಿ ತಗ್ಗಿಸಬೇಕು ಎಂಬುದೂ ಬಂತು. ಅವರು ಬೆಚ್ಚಿ ಕಣ್ಣು ತೆರೆದರು. ಮತ್ತೆ ಮುಚ್ಚಿದರು. ಮತ್ತೆ ಅದೇ. ಎಷ್ಟು ವರ್ಷಗಳಿಂದ ತಾನು ದೇವರ ಜೊತೆ ಒಬ್ಬನೇ ಮಾತಾಡಿಲ್ಲ ಎಂದು ನೆನಪಿಸಿಕೊಳ್ಳಲು ನೋಡಿದರು, ನೆನಪಾಗಲಿಲ್ಲ. ಊರಿಗೆಲ್ಲ ದೇವರ ಬಾಗಿಲು ತೋರಿಸಿದವರಿಗೆ ಈಗ ತಟ್ಟಲು ಕೈಯೇ ಏಳಲಿಲ್ಲ. ಹೆಂಡತಿ ಕೋಣೆಗೆ ಬಂದಾಗ ಅವರು ಗೋಡೆಗೆ ಹಣೆಯಿಟ್ಟು ನಿಂತಿದ್ದರು.

"ಏನಾಯ್ತು ರೀ?"

"ಬರ್ತಿಲ್ಲ ಕಣೇ. ಬರೀ ಮಾತು ಬರ್ತಿದೆ."

ಅವಳಿಗೆ ಅರ್ಥವಾಯಿತೋ ಇಲ್ಲವೋ. ಅವರ ಬೆನ್ನಿನ ಮೇಲೆ ಒಂದಿಷ್ಟು ಹೊತ್ತು ಕೈಯಿಟ್ಟಿದ್ದು ಹೋದಳು. ಮಗಳು ಹೋದ ಮೇಲೆ ಅವಳು ಅವರನ್ನು ಮುಟ್ಟಿದ್ದು ಅದೇ ಮೊದಲು.

ಚಳಿ ಕಳೆಯುವ ಹೊತ್ತಿಗೆ ತಂಗಿ ಬಂದಳು. ಅವಳು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತಿದ್ದಳು.

"ಅಣ್ಣಾ, ಅವಳು ಕೇಳಿದ್ಲು. ಅಪ್ಪ ರೇಡಿಯೋ ಬಿಟ್ಟಿದ್ದು ನಿಜಾನಾ ಅಂತ. ಹೌದು ಅಂದೆ. ಒಂದು ಸಲ ನೋಡ್ತಾಳಂತೆ. ಅತ್ತಿಗೆ ಬೇಡ, ನೀನೊಬ್ಬನೇ."

ಊರಿನ ಇನ್ನೊಂದು ತುದಿಯಲ್ಲಿ, ಕಣ್ಣಾಸ್ಪತ್ರೆಯೊಂದರ ಕ್ಯಾಂಟೀನಿನಲ್ಲಿ ಭೇಟಿ. ಅವಳಿಗೆ ಅಲ್ಲಿ ಹೊಸ ಕೆಲಸ ಸಿಕ್ಕಿತ್ತು. ಒರೆಸಿ ಒರೆಸಿ ಬಣ್ಣ ಹೋದ ಮೇಜು, ಸುತ್ತ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಮುದುಕರು. ಅವಳು ಬಿಳಿ ಕೋಟಿನಲ್ಲಿ ಬಂದು ಎದುರು ಕೂತಳು. ಕೂದಲನ್ನು ಕುತ್ತಿಗೆಯವರೆಗೆ ಕತ್ತರಿಸಿಕೊಂಡಿದ್ದಳು. ಜನ ಗುರುತು ಹಿಡಿಯದಿರಲೆಂದು ಎಂಬುದು ಅವರಿಗೆ ತುಸು ತಡವಾಗಿ ಹೊಳೆಯಿತು.

"ಹೇಗಿದ್ದೀರಿ?" ಎಂದಳು.

ಹುಟ್ಟಿದಾಗಿನಿಂದ 'ನೀನು' ಎಂದೇ ಕರೆದ ಮಗಳು.

"ನೀನು ಹೇಗಿದ್ದೀಯಮ್ಮಾ?"

"ಇದ್ದೀನಿ. ನಾನು ಹೇಳೋಕೆ ಬಂದಿದ್ದೀನಿ, ನೀವು ಕೇಳಿ. ನಡುವೆ ಮಾತಾಡ್ಬೇಡಿ."

ಅವಳು ಹೇಳಿದಳು. ಹಾಲು ಕಟ್ಟಿದ ಎದೆ ನೋಯುತ್ತಿದ್ದಾಗ ಅಪರಿಚಿತರ ಮನೆಯ ಮೆಟ್ಟಿಲ ಮೇಲೆ ಕೂತಿದ್ದನ್ನು ಹೇಳಿದಳು. ಬಸ್ಸಿನಲ್ಲಿ ಯಾರಾದರೂ ದಿಟ್ಟಿಸಿದರೆ ಈಗಲೂ ಮುಂದಿನ ನಿಲ್ದಾಣದಲ್ಲಿ ಇಳಿದುಬಿಡುತ್ತೇನೆ ಎಂದಳು. ಗಂಡ ಒಂದು ದಿನ ಹುಡುಕಿಕೊಂಡು ಬಂದು, ರಸ್ತೆಯ ಆಚೆ ಬದಿಯಲ್ಲೇ ಬಹಳ ಹೊತ್ತು ನಿಂತು, ದಾಟದೆ ಹೋದನೆಂದಳು. ಅವಳು ಅಳಲಿಲ್ಲ. ಅವರೇ ಅತ್ತರು. ಅಳುತ್ತಿರುವಾಗಲೇ, ಅವರಿಗರಿವಿಲ್ಲದೆಯೇ, ರಸ್ತೆಯ ಆಚೆ ನಿಂತ ಆ ಗಂಡಸು ಅವರ ತಲೆಯೊಳಗೆ ಒಂದು ಜಾಗಕ್ಕೆ ಹೋಗಿ ಕೂತ. ದಾಟದೆ ನಿಂತವನು. ನಾವೆಲ್ಲ ಒಂದಲ್ಲ ಒಂದು ರಸ್ತೆಯ...

ಮಗಳು ಮಾತು ನಿಲ್ಲಿಸಿದಳು. ಅವರ ಮುಖವನ್ನೇ ನೋಡುತ್ತಿದ್ದಳು.

"ಇದನ್ನೂ ನುಡಿಗೆ ಹೊಂದಿಸ್ಕೋತಿದ್ದೀರಾ," ಎಂದಳು.

"ಇಲ್ಲ."

"ಅಪ್ಪಾ."

ಅವರು ತಲೆ ತಗ್ಗಿಸಿದರು. "ಹೌದು. ಬೇಕೂಂತ ಅಲ್ಲ ಪುಟ್ಟಾ. ತಾನಾಗೇ ಬರುತ್ತೆ. ನಿಲ್ಲಿಸೋಕೆ ಆಗ್ತಿಲ್ಲ. ದೇವರಾಣೆಗೂ ನನಗೆ ನಿಲ್ಲಿಸೋಕೆ ಬರ್ತಿಲ್ಲ."

ಪಕ್ಕದ ಮೇಜಿನ ಮುದುಕ ಚಮಚ ಬೀಳಿಸಿ, ಕಾಣದ ಕಡೆ ಕೈಯಾಡಿಸಿ ಹುಡುಕುತ್ತಿದ್ದ. ಅವಳು ಎದ್ದು ಅದನ್ನು ಎತ್ತಿ ಅವನ ಕೈಗೆ ಕೊಟ್ಟಳು. ಮತ್ತೆ ಕೂರಲಿಲ್ಲ.

"ಈ ಸಲ ಸುಳ್ಳು ಹೇಳ್ಲಿಲ್ಲ," ಎಂದಳು. ಅದು ಮೆಚ್ಚುಗೆಯೋ ಲೆಕ್ಕ ಮುಗಿಸಿದ್ದೋ ಅವರಿಗೆ ತಿಳಿಯಲಿಲ್ಲ. ಬಿಳಿ ಕೋಟು ಬಾಗಿಲು ದಾಟಿ ಮರೆಯಾಯಿತು.

ಕೆಲವು ವಾರಗಳ ಮೇಲೆ ಮ್ಯಾನೇಜರು ಮನೆಗೇ ಬಂದರು. ಹೊಸಬನ ಮಾತು ಜನಕ್ಕೆ ಹಿಡಿಸಿರಲಿಲ್ಲ. ಹಳಬರೇ ಬೇಕೆಂದು ಕೇಳುಗರು ಕೇಂದ್ರದ ಮುಂದೆ ಬಂದು ನಿಲ್ಲುತ್ತಿದ್ದರಂತೆ.

"ಆಗಿದ್ದು ಆಗಿಹೋಯ್ತು. ಸೋಮವಾರದಿಂದ ಬಂದ್ಬಿಡಿ. ಮಗಳ ಹೆಸರು ಎತ್ತೋದು ಬೇಡವೇ ಬೇಡ." ಮ್ಯಾನೇಜರು ದನಿ ತಗ್ಗಿಸಿದರು. "ಆದ್ರೆ, ತಪ್ಪು ಮಾಡಿದ ಒಬ್ಬ ಮನುಷ್ಯ, ಮಾತೇ ಮುಳುವಾದ ಒಬ್ಬ ತಂದೆ, ಅಂತ ಸುಮ್ನೆ ಹೇಳಬಹುದಲ್ವಾ? ನಿಮ್ಮದೇ ಕಥೆ ಅದು. ನಿಮ್ಮ ಕಥೆ ಹೇಳೋಕೆ ಯಾರ ಅಪ್ಪಣೆ ಬೇಕು?"

ಅವರ ಬಾಯಲ್ಲಿ ನೀರೂರಿತು. ಸುಳ್ಳೇಕೆ, ನಿಜವಾಗಿಯೂ ನೀರೂರಿತು. ಆ ಕಂಬಳಿಯ ಗೋಡೆ, ಕೆಂಪು ದೀಪ, ತಲೆ ಎತ್ತುವ ಧ್ವನಿ ಯಂತ್ರದವನು. ಮೊದಲ ವಾಕ್ಯ ನಾಲಿಗೆಯ ತುದಿಗೇ ಬಂದಿತ್ತು, ಅದೂ ಎಂಥ ವಾಕ್ಯ! ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಬಂದು ನಿಂತಿದ್ದಳು. ಒದ್ದೆ ಕೈಯಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ಬರಲ್ಲ," ಎಂದರು.

"ಯೋಚ್ನೆ ಮಾಡಿ. ಸೋಮವಾರದವರೆಗೂ..."

"ಎದ್ದು ಹೋಗಿ ಅಂದೆನಲ್ಲಾ!" ಅವರು ಅಂಥದ್ದೇನೂ ಅಂದಿರಲಿಲ್ಲ. ಜೀವಮಾನದಲ್ಲೇ ಅವರ ದನಿ ಅಷ್ಟು ಕರ್ಕಶವಾಗಿ ಹೊರಟದ್ದು ಅದೇ ಮೊದಲು. ಮ್ಯಾನೇಜರು ಚಹಾದ ಲೋಟವನ್ನು ಅರ್ಧಕ್ಕೇ ಇಟ್ಟು ಹೋದರು. ಆಮೇಲೆ ಆ ಸೋಮವಾರ ಬಂದಾಗ, ಬೆಳಕು ಹರಿಯುವವರೆಗೂ ಹೆಂಡತಿ ಅವರ ಪಕ್ಕದಲ್ಲಿ ಎದ್ದೇ ಕೂತಿದ್ದಳು, ಜ್ವರದವರನ್ನು ಕಾಯುವಂತೆ.

ಇದರಿಂದ ಎಲ್ಲ ಸರಿಹೋಯಿತೆಂದು ಹೇಳುವಂತಿಲ್ಲ. ಅಳಿಯ ಬೇರೆ ಮದುವೆಯಾದ. ಪ್ರಾರ್ಥನೆ ಅವರಿಗೆ ಮರಳಿ ಬರಲಿಲ್ಲ. ಕಣ್ಣು ಮುಚ್ಚಿದರೆ ಇಂದಿಗೂ ಮಾತೇ ಮೆರವಣಿಗೆ ಹೊರಡುತ್ತದೆ. ಅದಕ್ಕೇ ಅವರು ಕಣ್ಣು ಮುಚ್ಚುವುದನ್ನೇ ಬಿಟ್ಟಿದ್ದಾರೆ. ಬೀದಿಯಲ್ಲಿ ಹಳೆಯ ಕೇಳುಗರು ತಡೆದು, 'ಒಂದೆರಡು ಒಳ್ಳೇ ಮಾತು ಹೇಳಿ' ಎಂದರೆ ಕಿವುಡರಂತೆ ನಟಿಸಿ ದಾಟುತ್ತಾರೆ.

ಮಗಳು ಒಮ್ಮೆ ಬಂದಳು, ಒಂದು ರಜೆಯ ದಿನ ಮಧ್ಯಾಹ್ನ, ಅಮ್ಮನನ್ನು ನೋಡಲು. ಊಟ ಮಾಡಿದಳು. ತಾಯಿ ಮಗಳು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅವರು ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತಿದ್ದರು. ಬಾಗಿಲ ಹಿಂದೆ ಮಗಳ ದನಿ ಕೇಳುತ್ತಿತ್ತು. ಮೊದಲು ಮೆಲ್ಲಗೆ, ಆಮೇಲೆ ಒಡೆದು, ಆಮೇಲೆ ಅಳು. ತುಸು ಕಿವಿಗೊಟ್ಟರೆ ಮಾತು ತಿಳಿಯುವಂತಿತ್ತು. ಅವರು ನಲ್ಲಿಯನ್ನು ಪೂರ್ತಿ ತಿರುಗಿಸಿದರು. ನೀರು ತಟ್ಟೆಗಳ ಮೇಲೆ ಭೋರೆಂದು ಬಿತ್ತು. ತೊಳೆದ ತಟ್ಟೆಗಳನ್ನೇ ಮತ್ತೆ ಮತ್ತೆ ತೊಳೆದರು. ಬಾಗಿಲು ತೆರೆದ ಸದ್ದಾಗುವವರೆಗೂ ನಲ್ಲಿ ನಿಲ್ಲಿಸಲಿಲ್ಲ.

ಹೊರಡುವಾಗ ಅವಳು ಅಡುಗೆಮನೆಯ ಬಾಗಿಲಿಗೆ ಬಂದಳು. ಕಣ್ಣು ಕೆಂಪಾಗಿತ್ತು. ಒದ್ದೆಯಾದ ಅವರ ಅಂಗಿಯ ತೋಳನ್ನೂ, ತುಂಬಿ ಚೆಲ್ಲುತ್ತಿದ್ದ ಬೋಗುಣಿಯನ್ನೂ ನೋಡಿದಳು.

"ಬರ್ತೀನಿ," ಎಂದಳು.

ಹೋಗುವವರೆಲ್ಲ ಆಡುವ ಮಾತೇ ಅದು. ಅದಕ್ಕಿಂತ ಹೆಚ್ಚಿನ ಅರ್ಥ ಅದರಲ್ಲಿತ್ತೋ ಇಲ್ಲವೋ, ಅವರು ಕೆದಕಲು ಹೋಗಲಿಲ್ಲ. "ಹೂಂ," ಎಂದರು.

ಅವಳು ಬೀದಿಯ ತಿರುವು ದಾಟುತ್ತಿದ್ದಂತೆ ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಕತ್ತು ಚಾಚಿದಳು. "ಅಯ್ಯೋ, ಗುಬ್ಬಿ ಅಲ್ವಾ ಹೋಗಿದ್ದು? ಏನಂದ್ಲು ಸ್ವಾಮಿ? ರಾಜಿಯಾಯ್ತಾ?"

"ಊಟ ಮಾಡಿದ್ಲು," ಎಂದು ಅವರು ಬಾಗಿಲು ಹಾಕಿಕೊಂಡರು.